ಕೇರ್ ಆಫ್ 56 ಎಪಿಒ

ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾದವನು ನನ್ನ ಬೆಂಚಿನ ಗೆಳೆಯನ ಅಣ್ಣ. ಅವನೂ ಇಲ್ಲೇ ಓದಿದವನು. ಎಸ್‌ಎಸ್‌ಎಲ್‌ಸಿ ಒಂದು ಸಲ ಫೇಲಾಗಿ ಎರಡನೇ ಸಲಕ್ಕೆ ಪಾಸಾದ. ಆಫೀಸು ಕೋಣೆಯ ರ‍್ಯಾಂಕಿನ ಬೋರ್ಡಿನಲ್ಲಿ ಅವನನ್ನು ಹುಡುಕಬೇಡಿ. ಹೆಸರು ಹಾಕಬೇಡ ಅಂತ ತಮ್ಮ ಹೇಳಿದ್ದಾನೆ, ಹಾಗಾಗಿ ಇಲ್ಲೂ ಹಾಕಿಲ್ಲ.

ಅವರಪ್ಪ ಹತ್ತಿ ಮಿಲ್ಲಿನಲ್ಲಿ ಬದ್ಲಿ. ಈಗಿನ ಹುಡುಗರಿಗೆ ಬದ್ಲಿ ಅಂದರೆ ಗೊತ್ತಿರಲಿಕ್ಕಿಲ್ಲ. ಕಾಯಂ ಆದವರು ಯಾರಾದರೂ ರಜೆ ಹಾಕಿದರೆ ಅವತ್ತು ಕೆಲಸ, ಇಲ್ಲದಿದ್ದರೆ ಇಲ್ಲ. ಮೂರು ಪಾಳಿಗೂ ಹೋಗಿ ಗೇಟಿನ ಮುಂದೆ ನಿಲ್ಲಬೇಕು. ಕೂಗು ಆಗಿ ಗೇಟು ಹಾಕಿದರೆ ಊಟದ ಡಬ್ಬಿ ಹಾಗೇ ವಾಪಸ್ ಮನೆಗೆ. ಕೆಲಸ ಸಿಕ್ಕ ದಿನ ಹುಬ್ಬು, ಕಿವಿ, ಮೀಸೆ ಎಲ್ಲಾ ಬೆಳ್ಳಗೆ ಹತ್ತಿ ಧೂಳು. ಅವ್ವ ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದಳು. ಬಿಸಿ ಮರಳಿನಲ್ಲಿ ಮಂಡಕ್ಕಿ ಅರಳಿಸುವ ಕೆಲಸ ನಡುರಾತ್ರಿಯೇ ಶುರು. ಬೆಳಗ್ಗೆ ಆ ಮನೆಗೆ ಹೋದರೆ ಹೊಗೆ ವಾಸನೆ, ಒಂದು ಮೊರ ಮಂಡಕ್ಕಿ, ಹಸಿಮೆಣಸಿನಕಾಯಿ. ನನಗೆ ನಮ್ಮ ಮನೆಗಿಂತ ಅಲ್ಲೇ ಜಾಸ್ತಿ ಇಷ್ಟ.

ಅಣ್ಣನಿಗೆ ಗೇಟಿನ ಮುಂದೆ ನಿಲ್ಲುವುದು ಬೇಡವಾಗಿತ್ತು. ರೈಲು ಹತ್ತಿ ಬೆಂಗಳೂರಿಗೆ ಹೋದವನು ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿಕೊಂಡ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನು ತೆಗೆಯುವುದು ಸ್ಯಾಪರ್‌ಗಳ ಕೆಲಸ. ಮನೆಯಲ್ಲಿ ಹೇಳುವಾಗ ಮಾತ್ರ ‘ರಸ್ತೆ ಕೆಲಸ’ ಅಂದಿದ್ದ. ಅವ್ವ ಕೇರಿಗೆಲ್ಲ ಅದನ್ನೇ ಹೇಳಿಕೊಂಡಿದ್ದಳು, ನನ್ನ ಮಗ ಮಿಲಿಟ್ರಿಯಲ್ಲಿ ರಸ್ತೆ ಮಾಡಿಸ್ತಾನೆ ಅಂತ. ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತು. ಅಂಗಡಿಯ ಉದ್ದರಿ ತೀರಿತು, ತಂಗಿಯ ಮದುವೆಗೆ ಅಂತ ನಾಲ್ಕು ಕಾಸು ಕೂಡಿತು.

ಕಾಗದ ಬರೆಯುವುದು ನನ್ನ ಪಾಲಿಗೆ ಬಂತು. ನನ್ನ ಗೆಳೆಯನ ಅಕ್ಷರ ಕೋಳಿ ಕಾಲು. ಅವ್ವ ಹೇಳುತ್ತಿದ್ದಳು, ನಾನು ಇನ್‌ಲ್ಯಾಂಡಿನಲ್ಲಿ ಬರೆಯುತ್ತಿದ್ದೆ. ವಿಳಾಸ ಕೇರ್ ಆಫ್ 56 ಎಪಿಒ. ಅದು ಯಾವ ಊರು ಅಂತ ಅವ್ವ ಪ್ರತಿ ಸಲವೂ ಕೇಳೋಳು. ಊರಲ್ಲ, ಸೈನ್ಯದ ಅಂಚೆ ನಂಬರು ಅಂದರೆ, ‘ಊರಿಲ್ದೆ ಮನುಷ್ಯ ಎಲ್ಲಿರ್ತಾನೋ’ ಅಂತ ನನ್ನನ್ನೇ ಬೈಯೋಳು.

1971ರ ನವೆಂಬರಿನಲ್ಲಿ ಬರೆದದ್ದು ಕಡೆಯ ಕಾಗದ. ಪೂರ್ವ ಬಂಗಾಳದಿಂದ ಕೋಟಿ ಜನ ನಿರಾಶ್ರಿತರು ಬಂದಿದ್ದರು, ಅವರಿಗೆ ಅಂತ ಆ ತಿಂಗಳಿಂದ ಅಂಚೆಗೆ 5 ಪೈಸೆಯ ಇನ್ನೊಂದು ಸ್ಟಾಂಪು ಶುರುವಾಗಿತ್ತು. ಆಟಕ್ಕೆ ಹೊತ್ತಾಗುತ್ತೆ ಅಂತ ನನಗೆ ಅವಸರ. ತಂಗಿಗೆ ಹರಿಹರದ ಕಡೆಯಿಂದ ಗಂಡು ಬಂದದ್ದು, ಅಪ್ಪನ ಕೆಮ್ಮು, ಎಮ್ಮೆ ಕರು ಹಾಕಿದ್ದು, ಎಲ್ಲಾ ಬರೆದಾಯಿತು. ಮಡಚುವಾಗ ಅವ್ವ, ‘ಚಳಿಗೆ ಹಿಮ್ಮಡಿ ಒಡಿತಾವೆ ಅವಂಗೆ. ಕಾಲಿಗೆ ಎಣ್ಣೆ ಹಚ್ಕಳಾಕೆ ಬರಿಯಪ್ಪಾ’ ಅಂದಳು. ಜಾಗ ಇಲ್ಲವ್ವಾ, ಮುಂದಿನ ಸಲ ಬರೀತೀನಿ ಅಂದೆ.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. ಹೋಟೆಲಿನ ರೇಡಿಯೋ ಮುಂದೆ ಜನ. 16ಕ್ಕೆ ಢಾಕಾದಲ್ಲಿ ಶರಣಾಗತಿ, 93,000 ಜನ ಸೆರೆ. ಮರುದಿನ ರಾತ್ರಿ ಪಶ್ಚಿಮದಲ್ಲೂ ಗುಂಡು ನಿಂತಿತು. ನಾವು ಹುಡುಗರು ಪಿ.ಬಿ. ರಸ್ತೆಯಲ್ಲಿ ಗಂಟಲು ಹರಿಯುವಂತೆ ಜೈಕಾರ ಕೂಗಿದೆವು. ನನ್ನ ಗೆಳೆಯನದೇ ಎಲ್ಲರಿಗಿಂತ ದೊಡ್ಡ ಗಂಟಲು.

ಐದಾರು ದಿನ ಬಿಟ್ಟು ಅವರಪ್ಪ ಶಾಲೆಗೆ ಬಂದರು. ಕೈಯಲ್ಲಿ ತಂತಿ. ಅದು ಇಂಗ್ಲಿಷಿನಲ್ಲಿತ್ತು, ಅಂಚೆಯವನು ಓದಿ ಹೇಳದೆ ಹೊರಟುಹೋಗಿದ್ದನಂತೆ. ಪಾಳಿ ಮುಗಿಸಿ ನೇರ ಬಂದಿದ್ದರು ಅನಿಸುತ್ತೆ, ಹುಬ್ಬಿನ ಮೇಲೆ ಹತ್ತಿ ಹಾಗೇ ಇತ್ತು. ಇಂಗ್ಲಿಷ್ ಮೇಷ್ಟ್ರು ಬಾಗಿಲಲ್ಲಿ ನಿಂತು ಓದಿದರು. ಇನ್ನೊಂದು ಸಲ ಓದಿದರು. ಮೊದಲ ಸಾಲಿನಲ್ಲಿದ್ದ ನನಗೆ ಒಂದು ಶಬ್ದ ಮಾತ್ರ ಕೇಳಿಸಿತು: ರಿಗ್ರೆಟ್. ರಜೆ ಅರ್ಜಿ ಬರೆಯಲು ಅವರೇ ಕಲಿಸಿದ ಶಬ್ದ. ಆಮೇಲೆ ಮೇಷ್ಟ್ರು ಅವರಪ್ಪನ ಹೆಗಲ ಮೇಲೆ ಕೈಯಿಟ್ಟು ಬೇವಿನ ಮರದ ಕಡೆ ಕರೆದುಕೊಂಡು ಹೋದರು. ನಮ್ಮ ಶಾಲೆಯಲ್ಲಿ ಮಿಲ್ಲಿನ ಆಳಿನ ಹೆಗಲ ಮೇಲೆ ಮೇಷ್ಟ್ರು ಕೈಯಿಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವನು ಸತ್ತದ್ದು ಪಶ್ಚಿಮದ ಗಡಿಯಲ್ಲಿ, ಪಾಕಿಸ್ತಾನದ ಶಕರಗಢದ ಕಡೆ, ಬಸಂತರ್ ನದಿ ಹತ್ತಿರ. ಟ್ಯಾಂಕುಗಳು ದಾಟಲು ರಾತ್ರಿ ಕತ್ತಲಲ್ಲಿ ಮೈನು ತೆಗೆದು ದಾರಿ ಮಾಡುತ್ತಿದ್ದಾಗ. ಪರಮವೀರ ಚಕ್ರದ ಅರುಣ್ ಖೇತ್ರಪಾಲ್ ತೀರಿಕೊಂಡದ್ದೂ ಅದೇ ಯುದ್ಧಭೂಮಿಯಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ. ನಮ್ಮವನೂ ಹೆಚ್ಚುಕಮ್ಮಿ ಅದೇ ವಯಸ್ಸು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆಗೆಲ್ಲ ಹೆಣ ಊರಿಗೆ ಕಳಿಸುತ್ತಿರಲಿಲ್ಲ, ಅಲ್ಲೇ ಸಂಸ್ಕಾರ. ಬಂದದ್ದು ರೈಲಿನಲ್ಲಿ ಒಂದು ಕರಿ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು, ಕೆಳಗೆ ‘ದಾವಣಗೆರೆ, ಮೈಸೂರು ಸ್ಟೇಟ್’. ಅವ್ವ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ‘ಮುಖ ನೋಡ್ದೆ ಹೆಂಗೆ ದಿನ ಮಾಡ್ಲಿ’ ಅಂತ ತಿಥಿ ಮಾಡಿಸಲಿಲ್ಲ. ಫೋಟೋಕ್ಕೆ ಹಾರ ಹಾಕಲೂ ಬಿಡಲಿಲ್ಲ.

ಪಿಂಚಣಿ ಕಾಗದಕ್ಕೆ ಅವರಪ್ಪ ದುರ್ಗಕ್ಕೆ ಓಡಾಡಿದರು. ನಮ್ಮದು ಆಗ ಚಿತ್ರದುರ್ಗ ಜಿಲ್ಲೆ ತಾನೇ. ಒಂದು ಕಚೇರಿಯಲ್ಲಿ ಹುಟ್ಟಿದ ದಿನದ ದಾಖಲೆ ಕೇಳಿದರು, ಅದಕ್ಕೆ ಶಾಲೆಗೆ ಬಂದರು. ಹೋದ ದಿನವೆಲ್ಲ ಬದ್ಲಿ ಹಾಜರಿ ತಪ್ಪುತ್ತಿತ್ತು. ಪಿಂಚಣಿ ಬಂತು, ತಂಗಿಯ ಮದುವೆಯೂ ಆಯಿತು. ನನ್ನ ಗೆಳೆಯ ಹತ್ತನೇ ತರಗತಿ ಮುಗಿಸದೆ ಮಿಲ್ಲಿಗೆ ಸೇರಿದ. ಮುಂದೆ ಮಿಲ್ಲು ಮುಚ್ಚಿದ ಮೇಲೆ ಮಿರ್ಚಿ-ಮಂಡಕ್ಕಿ ಗಾಡಿ ಇಟ್ಟ. ಅವನ ಕೈಯ ಒಗ್ಗರಣೆ ಮಂಡಕ್ಕಿ ತಿನ್ನದವರು ನಮ್ಮ ಬ್ಯಾಚಿನಲ್ಲಿ ಯಾರಿದ್ದಾರೆ ಹೇಳಿ?

1999ರಲ್ಲಿ ಕಾರ್ಗಿಲ್ ಯುದ್ಧ. ಬಾವುಟ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬರುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ನಾನು ಅವತ್ತು ಅವರ ಮನೆಯಲ್ಲಿದ್ದೆ. ಟೀವಿ ಆರಿಸೋಣ ಅಂತ ಗೆಳೆಯ ಎದ್ದ. ಅವ್ವ ಬಿಡಲಿಲ್ಲ. ‘ಇರ್ಲಿ ಬಿಡಪ್ಪಾ. ಇವ್ರವಾದ್ರೂ ಮನೆಗೆ ಬಂದ್ವಲ್ಲ’ ಅಂತ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಾ ಕೂತಳು.

ಅವ್ವ ಹೋದ ಮೇಲೆ ಟ್ರಂಕು ತೆಗೆದೆವು. ಬೀಗ ತುಕ್ಕು ಹಿಡಿದಿತ್ತು, ಒಡೆಯಬೇಕಾಯಿತು. ಎರಡು ಉಣ್ಣೆ ಬನಿಯನ್ನು, ಶೇವಿಂಗ್ ಬ್ರಶ್ಶು, ಒಂದು ತಟ್ಟೆ, ದಾರ ಕಟ್ಟಿದ ಕಾಗದದ ಕಟ್ಟು. ಎಲ್ಲಾ ನನ್ನ ಅಕ್ಷರ. ಮೇಲಿದ್ದದ್ದು ನವೆಂಬರಿನದು. ಮಡಿಕೆ ಬಿಚ್ಚಿ ನೋಡಿದೆ. ‘ಇಂತಿ ನಿನ್ನ ತಾಯಿ’ ಅಂತ ಬರೆದದ್ದರ ಕೆಳಗೆ ಮೂರು ಬೆರಳಷ್ಟು ಜಾಗ ಖಾಲಿ ಇತ್ತು.