ಗೆಳೆಯನ ಮೊಬೈಲ್ ಕೈಜಾರಿ ಬಿದ್ದರೆ ದುಡ್ಡು ಯಾರು ಕೊಡಬೇಕು, ಎಷ್ಟು ಕೊಡಬೇಕು

ನೇರವಾಗಿ ಹೇಳಿಬಿಡುತ್ತೇನೆ. ಪಿಯುಸಿ ಓದುವ ಹುಡುಗನೊಬ್ಬ ಗೆಳೆಯನ ಮೊಬೈಲ್ ಇಸಕೊಂಡು ನೋಡುವಾಗ ಕೈಜಾರಿ ಬೀಳಿಸಿದರೆ, ರಿಪೇರಿ ಖರ್ಚನ್ನು ಮೊದಲು ಕೊಡಬೇಕಾದವರು ಬೀಳಿಸಿದವನ ಅಪ್ಪ-ಅಮ್ಮ. ಅದರಲ್ಲಿ ಮಗನಿಂದ ಎಷ್ಟು ವಸೂಲು ಮಾಡಬೇಕು ಅನ್ನುವುದು ಅವರ ಮನೆಯೊಳಗಿನ ಲೆಕ್ಕ. ಆ ಲೆಕ್ಕ ಮುಗಿಯುವ ತನಕ ಫೋನ್ ಕಳಕೊಂಡ ಹುಡುಗ ಕಾಯುವಂತಾಗಬಾರದು. ಬೇಕಂತ ಮಾಡಿದ್ದಲ್ಲ ಅನ್ನುವುದು ನಿಜವಿರಬಹುದು. ಅದಕ್ಕೆ ಮಗನನ್ನು ಬೈಯದೆ ಬಿಡಿ, ಬಿಲ್ ಮಾತ್ರ ಕಟ್ಟಿ.

ಇಷ್ಟಕ್ಕೆ ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಎರಡು ಮನೆಗಳ ನಡುವೆ ಮಾತು ಕೆಡುವುದು 'ಎಷ್ಟು' ಅನ್ನುವಲ್ಲಿ.

ಕಾನೂನಿನ ಹೆಸರು ಹೇಳಿ ಹೆದರಿಸುವವರು ಇರುತ್ತಾರೆ, ಹಾಗಾಗಿ ಅದನ್ನು ಮೊದಲು ಮುಗಿಸೋಣ. ನಮ್ಮ ದೇಶದಲ್ಲಿ ಅಪ್ಪ-ಅಮ್ಮ ಅನ್ನುವ ಒಂದೇ ಕಾರಣಕ್ಕೆ ಮಕ್ಕಳು ಮಾಡಿದ ನಷ್ಟದ ಹೊಣೆ ತಾನಾಗಿ ಅವರ ತಲೆಗೆ ಬರುವುದಿಲ್ಲ. ಅವರದೇ ಅಜಾಗರೂಕತೆ ಇದ್ದರೆ ಬರುತ್ತದೆ. 18 ತುಂಬದವರು ಮಾಡಿಕೊಂಡ ಕರಾರಿಗೂ ಬೆಲೆಯಿಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಮೇಲ್ಮನವಿಗಳ ಕೊನೆಯ ಕೋರ್ಟು) ಮೊಹೊರಿ ಬೀಬಿ ಮೊಕದ್ದಮೆಯಲ್ಲಿ ಹೇಳಿದ್ದು ಇಂದಿಗೂ ನಿಂತಿದೆ. ಆದ್ದರಿಂದ 'ತಿಂಗಳಿಗೆ ಐನೂರರಂತೆ ತೀರಿಸ್ತೀನಿ' ಅಂತ ಹುಡುಗರು ನೋಟ್‌ಬುಕ್ ಹಾಳೆಯಲ್ಲಿ ಸಹಿ ಹಾಕಿಕೊಂಡಿದ್ದರೆ ಅದು ಮಕ್ಕಳ ಮಾತು, ಅಷ್ಟೆ. ಪೊಲೀಸ್ ಕಂಪ್ಲೇಂಟ್ ಮಾತಂತೂ ಬೇಡವೇ ಬೇಡ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಸ್ವತ್ತಿಗೆ ಹಾನಿ ಮಾಡಿದ ಅಪರಾಧ ಆಗಬೇಕಾದರೆ ನಷ್ಟ ಮಾಡುವ ಉದ್ದೇಶ, ಇಲ್ಲವೇ ನಷ್ಟ ಆದೀತೆಂಬ ಅರಿವು ಇರಬೇಕು. ಕೈಜಾರಿದ್ದು ಅದರೊಳಗೆ ಬರುವುದಿಲ್ಲ.

ಆದರೂ 1872ರ ಕರಾರು ಕಾಯ್ದೆಯಲ್ಲಿ ಇನ್ನೊಬ್ಬರ ವಸ್ತುವನ್ನು ಇಸಕೊಳ್ಳುವುದರ ಬಗ್ಗೆ ಇರುವ ಕಲಮುಗಳಲ್ಲಿ ಮೂರು ಇಲ್ಲಿ ಕೆಲಸಕ್ಕೆ ಬರುತ್ತವೆ. ಕೋರ್ಟಿಗೆ ಹೋಗದಿದ್ದರೂ ಮನೆಮಾತಿಗೆ ಅವು ಒಳ್ಳೆಯ ಅಳತೆಗೋಲು. ಸಾಮಾನ್ಯ ವಿವೇಕ ಇರುವವರು ತಮ್ಮದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾರೋ ಇಸಕೊಂಡವನು ಅಷ್ಟು ಮಾಡಬೇಕು, ಇದು 151. ಒಂದು ಕೆಲಸಕ್ಕೆ ಅಂತ ಕೊಟ್ಟದ್ದನ್ನು ಬೇರೆಯದಕ್ಕೆ ಬಳಸಿದರೆ ಆಗುವ ನಷ್ಟವೆಲ್ಲ ಅವನದೇ, ಇದು 154. ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಗೊತ್ತಿದ್ದರೆ ಕೊಡುವವನು ಹೇಳಬೇಕು, ಇದು 150. ಅಮ್ಮನಿಗೆ ಒಂದು ಕಾಲ್ ಮಾಡ್ತೀನಿ ಅಂತ ಇಸಕೊಂಡ ಫೋನನ್ನು ಈಜುಕೊಳದ ಅಂಚಿಗೆ ಒಯ್ದವನು ಪೂರ್ತಿ ಕೊಡಬೇಕು. ಅದೇ ಮಳೆಯಲ್ಲಿ ನನ್ನ ವಿಡಿಯೋ ತೆಗಿ ಅಂತ ಮಾಲೀಕನೇ ಫೋನ್ ಕೈಗಿಟ್ಟಿದ್ದರೆ ಅರ್ಧ ಅವನದು. ನಾಲ್ಕು ಜನ ಎಳೆದಾಡುವಾಗ ಬಿದ್ದರೆ ನಾಲ್ಕು ಪಾಲು, ಮಾಲೀಕನೂ ಎಳೆದಾಟದಲ್ಲಿ ಇದ್ದರೆ ಅವನದೂ ಒಂದು. ಗಲ್ಲಿ ಕ್ರಿಕೆಟ್‌ನಲ್ಲಿ ಕಿಟಕಿ ಗಾಜು ಒಡೆದರೆ ಬ್ಯಾಟ್ ಬೀಸಿದವನೊಬ್ಬನೇ ಕೊಡದೆ ಆಡುತ್ತಿದ್ದವರೆಲ್ಲ ದುಡ್ಡು ಹಾಕುವ ಪದ್ಧತಿ ಬಹಳ ಕಡೆ ಇದೆ. ಅದು ಸರಿಯಾದ ಪದ್ಧತಿ.

ಈಗ ಫೋನು. ಏನು ಒಡೆದಿದೆ ಅನ್ನುವುದನ್ನು ಇಬ್ಬರೂ ಕೂತು ನೋಡಬೇಕು. ಮೇಲಿನ ಟೆಂಪರ್ಡ್ ಗ್ಲಾಸ್ ಮಾತ್ರ ಸೀಳಿದ್ದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಒಂದು ಮೂಲೆ ಉಗುರಿನಿಂದ ಎಬ್ಬಿಸಿ ತೆಗೆದರೆ ಗೊತ್ತಾಗುತ್ತದೆ. ಕೆಳಗಿನ ಗ್ಲಾಸೇ ಸೀಳಿದ್ದರೆ ಯಾವುದಾದರೂ ಒಂದು ಆ್ಯಪ್ ಐಕಾನ್ ಒತ್ತಿ ಹಿಡಿದು ಸ್ಕ್ರೀನಿನ ಮೂಲೆಮೂಲೆಗೂ ಎಳೆಯಿರಿ. ಬೆರಳಿನಿಂದ ಐಕಾನ್ ಎಲ್ಲಿ ಜಾರುತ್ತದೋ ಅಲ್ಲಿ ಟಚ್ ಸತ್ತಿದೆ. ಮಸಿ ಚೆಲ್ಲಿದಂತೆ ಕಪ್ಪು ಹರಡಿದ್ದರೆ, ಹಸಿರು ಗೆರೆ ಬಂದಿದ್ದರೆ ಡಿಸ್‌ಪ್ಲೇ ಹೋಯಿತು. ಟಚ್ ಸಮೇತ ಪೂರ್ತಿ ಕಾಂಬೋ ಹಾಕಿಸಬೇಕು. ಚಿತ್ರ, ಟಚ್ ಎರಡೂ ಸರಿ ಇದ್ದರೆ ಬರೀ ಗ್ಲಾಸ್ ಬದಲಿಸಿಕೊಡುವ ಅಂಗಡಿಗಳಿವೆ. ಆದರೆ ಗ್ಲಾಸ್ ಬಿಡಿಸುವಾಗ ಒಳಗೆ ಚಿತ್ರ ಮೂಡಿಸುವ ಅಮೋಲೆಡ್ ಪ್ಯಾನೆಲ್ ಸಾಯುವ ಅಪಾಯ ಇದ್ದೇ ಇದೆ. ಹಾಗಾದರೆ ಅಂಗಡಿಯವರು ಏನು ಮಾಡಿಕೊಡುತ್ತಾರೆ ಅನ್ನುವುದನ್ನು ಫೋನ್ ಕೊಡುವ ಮೊದಲೇ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. ಫ್ರೇಮ್ ಬಾಗಿದೆಯಾ ಅನ್ನುವುದನ್ನೂ ನೋಡಬೇಕು: ಸ್ಕ್ರೀನ್ ಕೆಳಗೆ ಮಾಡಿ ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ, ಅಲ್ಲಾಡಿದರೆ ಬಾಗಿದೆ. ಬಾಗಿದ ಫ್ರೇಮಿಗೆ ಹೊಸ ಡಿಸ್‌ಪ್ಲೇ ಕೂರಿಸಿದರೆ ಅದು ಅಂಚಿನಲ್ಲಿ ಎದ್ದು ಬರುತ್ತದೆ, ಇಲ್ಲವೇ ಸಣ್ಣ ಪೆಟ್ಟಿಗೇ ಮತ್ತೆ ಸೀಳುತ್ತದೆ.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಒಂದು ಎಸ್ಟಿಮೇಟ್, ಹೊರಗಿನ ಅಂಗಡಿಯಲ್ಲಿ ಒಂದು, ಹೀಗೆ ಎರಡು ತೆಗೆದುಕೊಳ್ಳಿ. ಬೆಂಗಳೂರಿನವರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೋ ಎಸ್.ಪಿ. ರೋಡ್‌ಗೋ ಹೋಗಿ ಅರ್ಧ ಬೆಲೆಗೆ ಮುಗಿಸಿದೆವು ಅನ್ನುವುದುಂಟು. ಹೊರಗೆ ಮಾಡಿಸುವುದು ತಪ್ಪಲ್ಲ, ಆದರೆ ಯಾವ ಡಿಸ್‌ಪ್ಲೇ ಹಾಕಿದರು ಅಂತ ಕೇಳಬೇಕು. ಅಮೋಲೆಡ್ ಇದ್ದ ಫೋನಿಗೆ ಎಲ್‌ಸಿಡಿ ಅನ್ನುವ ಬೇರೆ ಬಗೆಯ ಡಿಸ್‌ಪ್ಲೇಯ ಕಾಪಿ ಹಾಕಿದರೆ ಬಣ್ಣ ಮಂಕಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಡಿಸ್‌ಪ್ಲೇ ಒಳಗಿನ ಫಿಂಗರ್‌ಪ್ರಿಂಟ್ ಕೆಲಸವೇ ಮಾಡುವುದಿಲ್ಲ. ಒರಿಜಿನಲ್ ಇದ್ದದ್ದನ್ನು ಫಸ್ಟ್ ಕಾಪಿ ಮಾಡಿ ಕೊಟ್ಟರೆ ಸಾಲ ತೀರಿದಂತಾಗುವುದಿಲ್ಲ. ಮಾಲೀಕರ ಮನೆಯವರೇ ಕಾಪಿ ಸಾಕು ಅಂದರೆ ಆ ಮಾತು ಬೇರೆ.

ಹಳೆಯ ಫೋನಿನದ್ದು ಕಷ್ಟದ ಲೆಕ್ಕ. ಉದಾಹರಣೆಗೆ, ಮೂರು ವರ್ಷದ ಹಿಂದೆ ₹18,000ಕ್ಕೆ ತೆಗೆದುಕೊಂಡದ್ದು, ಈಗ ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ₹5,000, ಸರ್ವಿಸ್ ಸೆಂಟರ್ ಡಿಸ್‌ಪ್ಲೇಗೆ ಹೇಳಿದ್ದು ₹7,500 ಅಂತ ಇಟ್ಟುಕೊಳ್ಳಿ. ನನ್ನ ಪ್ರಕಾರ ಬೀಳಿಸಿದವರು ಕೊಡಬೇಕಾದ್ದು ₹5,000. ಅಷ್ಟರಲ್ಲಿ ಅದೇ ಸ್ಥಿತಿಯ ಫೋನ್ ಮತ್ತೆ ಕೈಗೆ ಬರುತ್ತದೆ. ತಮ್ಮ ಫೋನನ್ನೇ ಸರಿ ಮಾಡಿಸಿಕೊಳ್ಳಬೇಕೆಂದರೆ ಮಿಕ್ಕ ₹2,500 ಮಾಲೀಕರು ಹಾಕಲಿ, ಅವರಿಗೆ ಹೊಚ್ಚ ಹೊಸ ಡಿಸ್‌ಪ್ಲೇ ಸಿಕ್ಕಂತಾಯಿತು. ಅದೇ ಫೋನ್ ತಂದು ಮೂರು ತಿಂಗಳಾಗಿದ್ದರೆ ಸವಕಳಿಯ ಮಾತೆತ್ತದೆ ಸರ್ವಿಸ್ ಸೆಂಟರ್ ಬಿಲ್ ಪೂರ್ತಿ ಕಟ್ಟಬೇಕು. 'ಒಡೆದಿದ್ದೀರಿ, ಹೊಸ ಫೋನೇ ಕೊಡಿಸಿ' ಅನ್ನುವುದು ಎರಡೂ ಸಂದರ್ಭದಲ್ಲಿ ನ್ಯಾಯವಲ್ಲ. ಮೊದಲೇ ಮೂಲೆಯಲ್ಲಿ ಸೀಳು ಇತ್ತು ಅನ್ನುವುದು ಇಬ್ಬರಿಗೂ ಗೊತ್ತಿದ್ದರೆ ಮಾಲೀಕರೇ ಒಂದು ಪಾಲು ಬಿಟ್ಟುಕೊಡಬೇಕು. ಗಾಜಿನ ಸೀಳು ಹಳೆಯ ಸೀಳಿನಿಂದಲೇ ಓಡುತ್ತದೆ.

ಮಾಲೀಕರ ಹತ್ತಿರ ಆ್ಯಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ (ಬಿದ್ದು ಒಡೆದರೆ ರಿಪೇರಿಗೆ ನೆರವಾಗುವ ವಿಮೆ) ಇದ್ದರೆ ಅದನ್ನೇ ಬಳಸಿ. ಅದರಲ್ಲಿ ಕೈಯಿಂದ ಕಟ್ಟಬೇಕಾದ ಮೊತ್ತವನ್ನು ಬೀಳಿಸಿದವರು ಕೊಡಲಿ. ಪ್ಲಾನಿನಲ್ಲಿ ಒಂದೇ ಕ್ಲೇಮ್ ಇದ್ದು ಅದು ಇದಕ್ಕೇ ಖರ್ಚಾದರೆ ಪ್ಲಾನಿನ ದುಡ್ಡಿನಲ್ಲೂ ಒಂದು ಭಾಗ ಸೇರಿಸಿಕೊಡುವುದು ಮರ್ಯಾದೆ.

ನೀರಿಗೆ ಬಿದ್ದಿದ್ದರೆ ತಕ್ಷಣ ಆಫ್ ಮಾಡಿ, ಸಿಮ್ ಟ್ರೇ ತೆಗೆಯಿರಿ, ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಉಪಯೋಗವಿಲ್ಲ. ಪುಡಿ ಮತ್ತು ಪಿಷ್ಟ ಚಾರ್ಜಿಂಗ್ ಪೋರ್ಟಿನೊಳಗೆ ಹೋಗುತ್ತದೆ. ಅದೇ ದಿನ ಅಂಗಡಿಯಲ್ಲಿ ಬಿಚ್ಚಿಸಿ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ನೀರಿನ ವಿಷಯದಲ್ಲಿ ಲೆಕ್ಕವನ್ನು ಅಂದೇ ಮುಗಿಸಬೇಡಿ. ಬೋರ್ಡಿನಲ್ಲಿ ಪಾಚಿ ಹಿಡಿದ ಹಾಗೆ ಹಸಿರಾಗಿ, ಒಂದೆರಡು ವಾರದ ಮೇಲೆ ಮೈಕೋ ಚಾರ್ಜಿಂಗೋ ಕೈಕೊಡುವುದುಂಟು. ತಿಂಗಳ ತನಕ ನೋಡೋಣ ಅಂತ ಮೊದಲೇ ಮಾತಾಡಿಕೊಂಡರೆ ಆಮೇಲೆ ಕೇಳಲು ಸಂಕೋಚವಿರುವುದಿಲ್ಲ.

ಲ್ಯಾಪ್‌ಟಾಪಿನ ಹಿಂಜ್ (ಮಡಚುವ ಕೀಲು) ಕಿತ್ತು ಬಂದರೆ ಕೊನೆಗೆ ತೆರೆದವನ ಮೇಲೆ ಪೂರ್ತಿ ಹಾಕಬೇಡಿ. ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ನಟ್‌ಗಳು ದಿನಾ ಒಂದು ಮೂಲೆ ಹಿಡಿದು ತೆರೆದೂ ತೆರೆದೂ ಸಡಿಲವಾಗಿರುತ್ತವೆ. ಬಿಚ್ಚಿದಾಗ ಹಳೆಯ ಬಿರುಕು ಕಂಡರೆ ಅರ್ಧರ್ಧ. ಕನ್ನಡಕವಾದರೆ ಪೂರ್ತಿ, ಅದೂ ಅದೇ ದಿನ; ಅದಿಲ್ಲದೆ ಮಗು ಬೋರ್ಡ್ ಓದಲಾರದು. ಫ್ರೇಮ್ ಮಾತ್ರ ಮುರಿದಿದ್ದರೆ ಅದೇ ಅಳತೆಯ ಫ್ರೇಮಿಗೆ ಹಳೆಯ ಲೆನ್ಸ್ ಕೂರಿಸಿಕೊಡುತ್ತಾರಾ ಕೇಳಿ.

ಸ್ಕೂಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ತಿರುಗುತ್ತದೆ. 18 ತುಂಬದ, ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಕೀ ಕೊಟ್ಟಾಗಲೇ ತಪ್ಪು ನಡೆದುಹೋಗಿದೆ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದ ತನಕ ಜೈಲು, ₹25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ಗಾಡಿಯ ರಿಪೇರಿಗೆ ಇನ್ಶೂರೆನ್ಸ್ ಸಿಗುವುದಿಲ್ಲ. 'ಅಪ್ಪ ಓಡಿಸ್ತಿದ್ರು ಅಂತ ಬರೆಸಿಬಿಡೋಣ' ಅನ್ನುವವರ ಮಾತು ಕೇಳಬೇಡಿ, ಅದು ವಂಚನೆ. ಇಲ್ಲಿ ಎರಡೂ ಮನೆಯವರು ಅರ್ಧರ್ಧ ಹಾಕುವುದೇ ಸರಿ. ಕನ್ನಡಿ, ಬ್ರೇಕ್ ಲಿವರ್, ಮುಂದಿನ ಪ್ಯಾನೆಲ್ ಕಣ್ಣಿಗೆ ಕಾಣುತ್ತವೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದ್ದು ಕಾಣುವುದಿಲ್ಲ. ನೇರ ರಸ್ತೆಯಲ್ಲಿ ಹ್ಯಾಂಡಲ್ ಒಂದು ಕಡೆ ಎಳೆಯುತ್ತಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಫೋರ್ಕ್ ನೋಡಿಸಲೇಬೇಕು.

ಓಡಿಸಿದವನಿಗೆ 18 ಆಗಿ ಲೈಸೆನ್ಸ್ ಇದ್ದರೆ ಕ್ಲೇಮ್ ಮಾಡಬಹುದು. ಆದರೆ ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತವಾಗುತ್ತದೆ. ಸ್ಕೂಟರಿನಲ್ಲಿ ಒಡೆಯುವುದು ಬಹುಪಾಲು ಪ್ಲಾಸ್ಟಿಕ್ಕೇ. ಆ ಕಡಿತದ ದುಡ್ಡು, ಮುಂದಿನ ವರ್ಷ ಕೈತಪ್ಪುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ), ಎರಡನ್ನೂ ಬೀಳಿಸಿದವರು ಕೊಡಬೇಕು. ಸಣ್ಣ ಬಿಲ್ ಆದರೆ ಕ್ಲೇಮಿಗೆ ಹೋಗದಿರುವುದೇ ಲಾಭ.

ಇನ್ನು ಮಾತು. ಹುಡುಗರು ಮನೆಯಲ್ಲಿ ಬೈತಾರೆ ಅಂತ ಮುಚ್ಚಿಟ್ಟು ಕೈಸಾಲ ಮಾಡಲು ಹೊರಡುತ್ತಾರೆ, ಅದೇ ದೊಡ್ಡ ಅಪಾಯ. ಹಾಗಾಗಿ ಗೊತ್ತಾದ ದಿನವೇ ಬೀಳಿಸಿದವನ ಮನೆಯವರು ಫೋನ್ ಮಾಡಬೇಕು, ಎದುರಿನವರು ಕೇಳಲಿ ಅಂತ ಕಾಯಬಾರದು. 'ನಮಸ್ಕಾರ ಮೇಡಂ, ನಿಮ್ಮ ಮಗನ ಮೊಬೈಲು ನಮ್ಮ ಹುಡುಗನ ಕೈಯಿಂದ ಬಿತ್ತಂತೆ. ನಾಳೆ ಸಂಜೆ ಇಬ್ಬರನ್ನೂ ಕರ್ಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ ಬರೋಣ, ಖರ್ಚು ನಮ್ಮದು' ಅಂದರೆ ಸಾಕು. ಹುಡುಗನೂ ಜೊತೆಗೆ ಬರಲಿ, ಎಸ್ಟಿಮೇಟ್ ತಾನೇ ಕೇಳಿಸಿಕೊಳ್ಳಲಿ. ಎದುರಿನವರು 'ಪರವಾಗಿಲ್ಲ ಬಿಡಿ, ಮಕ್ಕಳಲ್ವಾ' ಅನ್ನುತ್ತಾರೆ. ಅದು ನಮ್ಮ ಕಡೆಯ ಸೌಜನ್ಯ, ದುಡ್ಡು ಬೇಡ ಅಂತಲ್ಲ. ಇನ್ನೊಮ್ಮೆ ಒತ್ತಾಯ ಮಾಡಿ. ಅವರು ಶ್ರೀಮಂತರು, ಅವರಿಗೇನು ಅನ್ನುವ ಯೋಚನೆ ಬೇಡ. ಕೊಡುವವರು ನಿಜಕ್ಕೂ ಕಷ್ಟದಲ್ಲಿದ್ದರೆ ಎರಡು ಮೂರು ಕಂತು ಕೇಳುವುದರಲ್ಲಿ ನಾಚಿಕೆಯಿಲ್ಲ, ಮಾಲೀಕರು ಒಪ್ಪಬೇಕು.

ಮಗನಿಂದ ವಸೂಲಿ ಅಂದರೆ ಮೂರನೇ ಒಂದು ಭಾಗದೊಳಗಿರಲಿ, ಆರು ತಿಂಗಳೊಳಗೆ ಮುಗಿಯಲಿ. ಪಾಕೆಟ್ ಮನಿ, ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು ಇದಕ್ಕೆ ಸರಿ. ಬಸ್ ಪಾಸ್, ಊಟ, ಪುಸ್ತಕದ ದುಡ್ಡಿಗೆ ಕೈ ಹಾಕಬಾರದು. ತಪ್ಪನ್ನು ತಾನೇ ಬಂದು ಹೇಳಿದ್ದರೆ ಆ ಭಾಗವನ್ನೂ ಕಡಿಮೆ ಮಾಡಿ.

ರಿಪೇರಿಗೆ ಕೊಡುವಾಗ ಸ್ಕ್ರೀನ್ ಲಾಕ್ ಪಾಸ್‌ವರ್ಡ್ ಬರೆದುಕೊಡಬೇಡಿ. ಟಚ್ ಪರೀಕ್ಷೆಗೆ ಬೇಕೆಂದರೆ ಮಾಲೀಕನೇ ಎದುರಿಗೆ ನಿಂತು ತೆರೆದುಕೊಡಲಿ. ದುಡ್ಡನ್ನು ಹುಡುಗರ ಕೈಗೆ ಕೊಡದೆ ನೇರ ಅಂಗಡಿಗೆ ಯುಪಿಐ ಮಾಡಿ. ಬಿಲ್ ಮಾತ್ರ ಫೋನಿನ ಮಾಲೀಕರ ಹೆಸರಿನಲ್ಲಿರಲಿ, ಐಎಂಇಐ (ಫೋನಿನ ಗುರುತಿನ) ನಂಬರ್ ಸಮೇತ. ಹೊಸ ಡಿಸ್‌ಪ್ಲೇಗೆ ಸಾಮಾನ್ಯವಾಗಿ ಮೂರು ತಿಂಗಳ ವಾರಂಟಿ ಇರುತ್ತದೆ. ಆ ಅವಧಿಯಲ್ಲಿ ಗೆರೆ ಬಂದರೆ ಬಿಲ್ ಹಿಡಿದು ಹೋಗಬೇಕಾದ್ದು ಅಂಗಡಿಗೆ, ಆ ಹುಡುಗನ ಮನೆಗಲ್ಲ.