ಅಜ್ಜಿಯ ಎಡಗೆನ್ನೆ
ಆರ್ಟ್ ಕ್ಲಾಸಿಗೆ ಅಂತ ಅಜ್ಜಿಯ ಮುಖವನ್ನು ಕಲರ್ ಪೆನ್ಸಿಲ್‌ನಲ್ಲಿ ಬಿಡಿಸಲು ಕೂತೆ. ಅಳತೆ ತಪ್ಪದಂತೆ ಚೌಕ ನೋಡಿ ಚೌಕ ಬಿಡಿಸೋಣ ಅಂತ ಫೋಟೋ ಮೇಲೆ 1 ಸೆಂಟಿಮೀಟರ್ ಚೌಕ, ದೊಡ್ಡ ಎ3 ಹಾಳೆ ಮೇಲೆ 2 ಸೆಂಟಿಮೀಟರಿನದು. ಗೆರೆ ಎಳೆಯುವಷ್ಟರಲ್ಲೇ ಒಂದು ಸಂಜೆ ಹೋಯಿತು. ಡಬ್ಬಿಯಲ್ಲಿದ್ದ 'ಸ್ಕಿನ್' ಬಣ್ಣದ ಪೆನ್ಸಿಲ್ ಮುಟ್ಟಲೇ ಇಲ್ಲ, ಅದು ನಮ್ಮನೆಯಲ್ಲಿ ಯಾರ ಮೈಬಣ್ಣವೂ ಅಲ್ಲ ಬಿಡಿ! ಹಳದಿ, ಕಿತ್ತಳೆ, ಕಂದು, ನೆರಳಿಗೆ ನೇರಳೆ, ಹೀಗೆ ಕೈ ಹಗುರ ಇಟ್ಟು ಏಳೆಂಟು ಪದರ ಹಾಕಿದೆ. ಮೊದಲೇ ಒತ್ತಿ ತಿಕ್ಕಿದರೆ ಪೆನ್ಸಿಲ್ಲಿನ ಮೇಣ ಹಾಳೆಯ ಮೇಲಿನ ಒರಟು ತರಿಯನ್ನು ಮುಚ್ಚಿಬಿಡುತ್ತದೆ, ಆಮೇಲೆ ಬಣ್ಣವೇ ಹಿಡಿಯುವುದಿಲ್ಲ; ಎಡಗೆನ್ನೆಯಲ್ಲಿ ಆಗಿದ್ದು ಅದೇ. ಕಣ್ಣಿನ ಬಿಳಿಯೂ ಬಿಳಿಯಲ್ಲ, ತಿಳಿ ಬೂದು. ಮೂಗುತಿಯ ಹೊಳಪಿಗೆ ಮಾತ್ರ ಸಾಸಿವೆ ಕಾಳಿನಷ್ಟು ಹಾಳೆಯನ್ನು ಸುಮ್ನೆ ಖಾಲಿ ಬಿಟ್ಟೆ. ಅಜ್ಜಿ ನೋಡಿ, "ಸುಕ್ಕು ಜಾಸ್ತಿ ಆಯ್ತಲ್ಲೋ" ಅಂದರು.