"ತಂಗಿ, ಕನ್ನಡದಲ್ಲಿ ಸಿಕ್ಕಿಬಿದ್ದಿದ್ದೇವೆ"

ನಮ್ಮ ಡ್ರೈವರಣ್ಣನ ಫೋನು. ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಎಲ್ಲೋ ಭಾಷೆ ಬಾರದೆ ಪೊಲೀಸರ ಹತ್ತಿರ ಒದ್ದಾಡುತ್ತಿದ್ದಾರೆ ಅಂದುಕೊಂಡೆ. "ಹಿಂದಿಯಲ್ಲಿ ಮಾತಾಡಿ ಅಣ್ಣ, ಇಲ್ಲಾಂದ್ರೆ ಮಾಸ್ತರ ಕೈಗೆ ಫೋನ್ ಕೊಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಕನ್ನಡ ಅಂದ್ರೆ ಊರು ಮಾರಾಯ್ತಿ. ನೀನು ಕೊಟ್ಟ ರೂಟಲ್ಲೇ ಬರ್ತದೆ."

ಬರುತ್ತದೆ, ನಿಜ. ನನಗೆ ಗೊತ್ತಿರಲಿಲ್ಲ. ನಾನು ಟ್ರಿಪ್ ಶೀಟಿನಲ್ಲಿ ಬರೆದಿದ್ದು ಔರಂಗಾಬಾದ್, ಧುಳೆ, ಇಂದೋರ್ ಅಷ್ಟೇ. ನಡುವೆ ಮಹಾರಾಷ್ಟ್ರದಲ್ಲಿ ಕನ್ನಡ ಅಂತಲೇ ಒಂದು ಊರಿದೆ, ಅದನ್ನು ದಾಟಿದ ಮೇಲೆ ಚಾಳೀಸಗಾಂವ್ ಕಡೆ ಇಳಿಯುವ ಘಾಟ್ ಇದೆ ಅಂತ ಶಿರಸಿಯಲ್ಲಿ ಕೂತವಳಿಗೆ ಯಾರು ಹೇಳಬೇಕು? ಉತ್ತರಕ್ಕೆ ನಾನು ಹೋಗಿದ್ದು ವಿಜಯಪುರದವರೆಗೆ ಮಾತ್ರ. ಅದೂ ಕಾಲೇಜಿನ ಟೂರಿನಲ್ಲಿ.

ಇದು 2023ರ ಮಾರ್ಚ್ ತಿಂಗಳ ಕಥೆ. ನಾನು ಈ ಟ್ರಾವೆಲ್ಸ್ ಆಫೀಸು ಸೇರಿ ನಾಲ್ಕು ತಿಂಗಳಾಗಿತ್ತು. ಅಡಿಕೆ ಕೊಯ್ಲು ಮುಗಿದಿದ್ದೇ ತಡ, ನಮ್ಮ ಕಡೆ ಟೂರ್ ಪಾರ್ಟಿಗಳು ಹೊರಡುತ್ತವೆ. ರಿಟೈರ್ ಆದ ಮಾಸ್ತರು, ಅವರ ಹೆಂಡತಿ, ಅವರ ತಮ್ಮನ ಮನೆಯವರು, ಒಟ್ಟು ಆರು ಜನ. ಗಾಡಿ ಇನ್ನೋವಾ ಕ್ರಿಸ್ಟಾ. ಉಜ್ಜಯಿನಿ, ಜೈಪುರ, ಹರಿದ್ವಾರ, ವಾಪಸ್ ಬರುವಾಗ ಕಾಶಿ. ಬಾಡಿಗೆ ಗ್ಯಾರೇಜ್ ಟು ಗ್ಯಾರೇಜ್, ಅಂದರೆ ಗಾಡಿ ಇಲ್ಲಿಂದ ಹೊರಟು ವಾಪಸ್ ಬರುವವರೆಗಿನ ಲೆಕ್ಕ; ದಿನಕ್ಕೆ 300 ಕಿಮೀ ಮಿನಿಮಮ್, ಡ್ರೈವರ್ ಬಾಟಾ ಬೇರೆ.

ಮ್ಯಾಪ್ ತೆಗೆದಾಗ ನನಗೆ ಬಹಳ ಖುಷಿಯಾಗಿತ್ತು. ನಮ್ಮ ಅಂಕೋಲೆಯಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೆ ಹೋಗುವ ರಸ್ತೆ ಇದೆಯಲ್ಲ, ಹೆದ್ದಾರಿ 52, ಅದು ಹುಬ್ಬಳ್ಳಿಯಲ್ಲಿ ಮುಗಿಯುವುದಿಲ್ಲ. ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರ್‌ವರೆಗೆ ಹೋಗುತ್ತದೆ. ಜೈಪುರದ ತನಕ ಒಂದೇ ನಂಬರ್! ಹುಬ್ಬಳ್ಳಿಯಲ್ಲಿ ಹಿಡಿದರೆ ಆಯಿತು, ಇದರಲ್ಲಿ ತಪ್ಪುವುದಕ್ಕೆ ಏನಿದೆ ಅಂದುಕೊಂಡೆ.

ಮೊದಲ ದಿನ ಶಿರಸಿಯಿಂದ ಸೊಲ್ಲಾಪುರ, ಸುಮಾರು 400 ಕಿಮೀ. ಅದು ಸರಿಯಾಗಿತ್ತು. ಎರಡನೇ ದಿನಕ್ಕೆ ಸೊಲ್ಲಾಪುರದಿಂದ ಸೀದಾ ಉಜ್ಜಯಿನಿ ಹಾಕಿದೆ. 770 ಕಿಮೀ ಹತ್ತಿರ. ಮ್ಯಾಪ್ 13 ಗಂಟೆ 40 ನಿಮಿಷ ತೋರಿಸಿತು, ನಾನು ಅದನ್ನೇ ಶೀಟಿಗೆ ಇಳಿಸಿದೆ. ಮರುದಿನ ಬೆಳಗಿನ ಜಾವ 4ಕ್ಕೆ ಮಹಾಕಾಳೇಶ್ವರನ ಭಸ್ಮಾರತಿ, ಪಾರ್ಟಿ ಮೊದಲೇ ಬುಕ್ ಮಾಡಿಕೊಂಡಿತ್ತು. ಡ್ರೈವರಣ್ಣ ಶೀಟ್ ನೋಡಿ, "ಔರಂಗಾಬಾದಲ್ಲಿ ಒಂದು ಹಾಲ್ಟ್ ಹಾಕು ತಂಗಿ" ಅಂದಿದ್ದರು. ಮಾಲೀಕರು ಒಳಗಿಂದಲೇ ಕೂಗಿದರು: "ದಿನ ಜಾಸ್ತಿ ತೋರಿಸಿದ್ರೆ ಪಾರ್ಟಿ ಬಸ್‌ಸ್ಟ್ಯಾಂಡ್ ಹತ್ತಿರದವನ ಕಡೆ ಹೋಗ್ತದೆ." ನಾನು ಹಾಲ್ಟ್ ಹಾಕಲಿಲ್ಲ. ಮಾಲೀಕರ ಮೇಲೆ ಹೊರಿಸಬಹುದು. ಆದರೆ ನಿಜ ಹೇಳಬೇಕೆಂದರೆ, ಮ್ಯಾಪ್‌ಗಿಂತ ಡ್ರೈವರಣ್ಣನಿಗೆ ಹೆಚ್ಚು ಗೊತ್ತು ಅಂತ ನನಗೂ ಅನಿಸಿರಲಿಲ್ಲ.

ಮ್ಯಾಪ್‌ಗೆ ಗೊತ್ತಿಲ್ಲದ್ದು ನಮ್ಮ ಜನ. ಸೊಲ್ಲಾಪುರ ಬಿಟ್ಟು 45 ಕಿಮೀ ಹೋಗುವುದರೊಳಗೆ ತುಳಜಾಪುರ. ಭವಾನಿಗೆ ಕೈ ಮುಗಿಯದೆ ಮುಂದೆ ಹೋಗುತ್ತಾರಾ? ಎರಡು ಗಂಟೆ ಹೋಯಿತು. ಔರಂಗಾಬಾದ್ ದಾಟಿದರೆ ಎಲ್ಲೋರ, ಅದರ ಪಕ್ಕದಲ್ಲೇ ಘೃಷ್ಣೇಶ್ವರ. ಜ್ಯೋತಿರ್ಲಿಂಗ! ಮಾಸ್ತರು ಅಂಗಿ ಬಿಚ್ಚಿ ಕ್ಯೂನಲ್ಲಿ ನಿಂತಾಗಲೇ ನನ್ನ ಶೀಟ್ ಸತ್ತಿತ್ತು. ನಡುವೆ ಟೋಲಿನಲ್ಲಿ ಫಾಸ್ಟ್ಯಾಗ್ ಬ್ಯಾಲೆನ್ಸ್ ಇಲ್ಲ, ಡಬಲ್ ಕಟ್ಟಿದರು. ರೀಚಾರ್ಜ್ ಆಫೀಸಿನ ಕೆಲಸ, ಅದನ್ನು 500, 500 ಅಂತ ಹಾಕುವುದು ನಮ್ಮ ಮಾಲೀಕರ ಪದ್ಧತಿ. ಅದು ಇರಲಿ.

ಕನ್ನಡದ ಘಾಟಿನಲ್ಲಿ ಲಾರಿ ಕೆಟ್ಟು ನಿಂತಿತ್ತು. ಮೊದಲು ಹೇಳಿದ ಫೋನ್ ಬಂದಿದ್ದು ಆಗಲೇ. ಸಂಜೆ ಏಳರಿಂದ ಮುಕ್ಕಾಲು ಹತ್ತರವರೆಗೆ ಗಾಡಿ ಅಲುಗಲಿಲ್ಲ. (ಅದೇ ವರ್ಷ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶದಿಂದ ಅಲ್ಲಿ ಭಾರಿ ವಾಹನ ಬಂದ್ ಆಯಿತು. ನನ್ನ ಪಾಲಿಗೆ ಐದು ತಿಂಗಳು ತಡ.) ಇನ್ನೂ 400 ಕಿಮೀ ಬಾಕಿ. ಮಾಲೀಕರು ಮನೆಯಿಂದ ಫೋನ್ ಮಾಡಿ, "ಆರತಿ ತಪ್ಪಿದ್ರೆ ಬಿಲ್ಲಲ್ಲಿ ಕಡಿತಾರೆ, ಎಳೀಲಿಕ್ಕೆ ಹೇಳು" ಅಂದರು.

ನಾನು ಹೇಳಿದೆ. "ಸ್ವಲ್ಪ ಎಳೀರಿ ಅಣ್ಣ, ಧುಳೆ ದಾಟಿದ್ರೆ ರೋಡ್ ಚೆನ್ನಾಗಿದೆ."

"ನೀ ಬಂದಿದ್ಯಾ ಈ ರೋಡಲ್ಲಿ?" ಅಂದರು. ನಾನು ಮಾತಾಡಲಿಲ್ಲ. "ಹ್ಞೂಂ" ಅಂತ ಇಟ್ಟರು. ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದ ಮನುಷ್ಯ.

ಆ ರಾತ್ರಿ ಹಾಸಿಗೆಯಲ್ಲಿ ಕೂತು ವಾಟ್ಸಾಪಿನ ಲೈವ್ ಲೊಕೇಶನ್ ನೋಡುತ್ತಿದ್ದೆ. ಹನ್ನೊಂದೂವರೆಗೆ ಧುಳೆ. ಸರಿ. ಹನ್ನೆರಡೂವರೆ ದಾಟಿದ ಮೇಲೆ ಶಿರಪುರದ ಹತ್ತಿರ ಚುಕ್ಕಿ ನಿಂತಿತು. ಚಹಾಕ್ಕೆ ಇರಬೇಕು ಅಂದುಕೊಂಡೆ. ಐದು ನಿಮಿಷ. ಹತ್ತು ನಿಮಿಷ. ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ಮಾಸ್ತರ ಫೋನ್ ಸ್ವಿಚ್ ಆಫ್. ಮ್ಯಾಪ್ ದೊಡ್ಡದು ಮಾಡಿ ನೋಡಿದೆ, ಚುಕ್ಕಿ ರಸ್ತೆಯ ಮೇಲಿದೆಯೋ ಬದಿಗಿದೆಯೋ ತಿಳಿಯಲಿಲ್ಲ. ಅಮ್ಮ ಎದ್ದು ಬಂದು ಏನಾಯ್ತು ಅಂತ ಕೇಳಿದಾಗ ಬಾಯಿ ಒಣಗಿತ್ತು.

ಇಪ್ಪತ್ತು ನಿಮಿಷದ ಮೇಲೆ ಮಾಸ್ತರ ಹೆಂಡತಿಯೇ ಫೋನ್ ಮಾಡಿದರು. ಡ್ರೈವರ್ ಪಕ್ಕದ ಸೀಟಿಗೆ ಬಂದು ಕೂತು, ಅವನಿಗೆ ನಿದ್ದೆ ಬರಬಾರದು ಅಂತ ಏನೇನೋ ಮಾತಾಡಿಸುತ್ತಿದ್ದರಂತೆ. "ಕವಳ (ಎಲೆ-ಅಡಿಕೆ) ಬೇಕನಾ ಅಂತ ಕೇಳಿದೆ ತಂಗಿ. ಉತ್ತರ ಇಲ್ಲೆ. ಮತ್ತೆ ಕೇಳಿದೆ. ಕಣ್ಣು ತೆರೆದೇ ಇತ್ತು, ಆದ್ರೆ ನಿದ್ದೆ." ಭುಜ ಹಿಡಿದು ಅಲುಗಿಸುವಷ್ಟರಲ್ಲಿ ಎಡಗಡೆ ಚಕ್ರ ಬಿಳಿ ಗೆರೆ ದಾಟಿ ಜಲ್ಲಿಗೆ ಇಳಿದಿತ್ತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದಾರೆ, ಅವನು ಸೀಟಿನಲ್ಲೇ ಮಲಗಿದ್ದಾನೆ, ಎಬ್ಬಿಸಬೇಡ ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಭಸ್ಮಾರತಿ ತಪ್ಪಿತು. ಮಧ್ಯಾಹ್ನ ಎಲ್ಲರಂತೆ ಕ್ಯೂನಲ್ಲಿ ನಿಂತು ದರ್ಶನ ಮಾಡಿದರು. ಬೆಳಿಗ್ಗೆ ಮಾಲೀಕರು ಕೇಳಿದ ಮೊದಲ ಪ್ರಶ್ನೆ, "ಗಾಡಿಗೆ ಏನೂ ಆಗಿಲ್ಲ ಅಲ್ವಾ?"

ಡ್ರೈವರಣ್ಣ ಹದಿನಾರನೇ ದಿನ ವಾಪಸ್ ಬಂದು ಶೀಟ್ ಟೇಬಲ್ ಮೇಲೆ ಇಟ್ಟರು. ಎರಡನೇ ದಿನದ ಸಾಲಿನ ಮೇಲೆ ಬೆರಳಿಟ್ಟು, "ಇದರಲ್ಲಿ ಊಟ ಎಲ್ಲಿದೆ?" ಅಂತಷ್ಟೇ ಕೇಳಿದರು. ಇರಲಿಲ್ಲ. ಆಫೀಸಿನ ಶೀಟಿನಲ್ಲಿ ಓಪನಿಂಗ್ ಕಿಮೀ, ಕ್ಲೋಸಿಂಗ್ ಕಿಮೀ, ಡೀಸೆಲ್, ಟೋಲ್, ಎಲ್ಲಕ್ಕೂ ಕಾಲಂ ಇದೆ. ಊಟಕ್ಕೂ ನಿದ್ದೆಗೂ ಇಲ್ಲ. ಇವತ್ತಿಗೂ ಇಲ್ಲ, ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಳ್ಳುತ್ತೇನೆ. ಗಂಟೆಗೆ 45 ಕಿಮೀ ಲೆಕ್ಕ, ರಸ್ತೆ ಆರು ಲೇನ್ ಇದ್ದರೂ ಅಷ್ಟೇ. ರಾತ್ರಿ ಒಂಬತ್ತಕ್ಕೆ ಸ್ಟೇರಿಂಗ್ ಬಿಡಬೇಕು. ಎಲ್ಲಿ ಹಾಲ್ಟ್ ಅನ್ನುವುದನ್ನು ಗಾಡಿ ಓಡಿಸುವವರೇ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇದರಿಂದ ಒಂದೆರಡು ಪಾರ್ಟಿ ಬಸ್‌ಸ್ಟ್ಯಾಂಡ್ ಕಡೆ ಹೋಗಿದ್ದೂ ಉಂಟು, ಮಾಲೀಕರು ಮರೆಯದೆ ನೆನಪಿಸುತ್ತಾರೆ.

ಮೊನ್ನೆ ಅದೇ ಮಾಸ್ತರು ಬಂದಿದ್ದರು. ಈ ಸಲ ರಾಮೇಶ್ವರ. ದಾರಿಯಲ್ಲಿ ಯಾವ ಯಾವ ದೇವಸ್ಥಾನ ನೋಡಬೇಕು ಅಂತ ಮೊದಲೇ ಕೇಳಿದೆ. ಬೆರಳು ಮಡಚಿ ಹನ್ನೊಂದು ಹೇಳಿದರು. ನನ್ನ ಲೆಕ್ಕದಲ್ಲಿ ನಾಲ್ಕನೇ ದಿನ ರಾತ್ರಿ ಅವರು ಇನ್ನೂ ಮದುರೆಯಲ್ಲೇ ಇದ್ದರು. ಡ್ರೈವರಣ್ಣ ಶೀಟ್ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, "ಕನ್ನಡ ಬರೂದಿಲ್ಲ ಅಲ್ವಾ ಇದರಲ್ಲಿ?" ಅಂದರು.